ಹಳೆಯ ಗಣಕವನ್ನು ಕಳಚುವವರಿಗೆ ಒಂದು ಬಹಿರಂಗ ಪತ್ರ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ತಾಲ್ಲೂಕುಗಳ ಊರೂರುಗಳಿಂದ ಹೊರಟು ಬೆಂಗಳೂರು ಹೈದರಾಬಾದುಗಳ ಕಚೇರಿಗಳಲ್ಲಿ ಗಣಕವಿದ್ಯೆಯನ್ನು ವೃತ್ತಿಯಾಗಿ ಅವಲಂಬಿಸಿರುವ ತರುಣ ತರುಣಿಯರಿಗೆ, ಅದೇ ಸೀಮೆಯಲ್ಲಿ ಲೆಕ್ಕಪತ್ರಗಳ ನಡುವೆ ಆಯುಸ್ಸನ್ನು ಕಳೆದ ಹಿರಿಯನೊಬ್ಬನು ಮಾಡುವ ನಮಸ್ಕಾರಗಳು.

ನೀವು ಹಬ್ಬಹುಣ್ಣಿಮೆಗಳಿಗೆ ಊರಿಗೆ ಬಂದಾಗ, ಅಲ್ಲಿ ಏನು ಕೆಲಸ ಮಾಡುತ್ತೀರೆಂದು ಮನೆಯವರು ಕೇಳಿದರೆ, ನಿಮ್ಮಲ್ಲಿ ಕೆಲವರಾದರೂ ‘ಹಳೇ ಸಿಸ್ಟಮ್ ಬಿಚ್ಚಿ ಹೊಸದಕ್ಕ ಸಾಗಸೂದು’ ಎಂದು ಚುಟುಕಾಗಿ ಉತ್ತರಿಸಿ ಮಾತು ಮುಗಿಸುವುದನ್ನು ನಾನು ಕೇಳಿಬಲ್ಲೆನು. ದೂರದೇಶಗಳ ಬ್ಯಾಂಕುಗಳೂ ವಿಮಾಸಂಸ್ಥೆಗಳೂ ದಶಕಗಳಿಂದ ನೆಚ್ಚಿಕೊಂಡು ಬಂದ ಮೇನ್‌ಫ್ರೇಮ್ ಎಂಬ ಮಹಾಗಣಕಗಳಲ್ಲಿ ನೆಲೆಗೊಂಡ ವ್ಯವಹಾರವನ್ನು ಅಲ್ಲಿಂದ ಎಬ್ಬಿಸಿ, ಜಾಲದಿಂದ ಪರಸ್ಪರ ಜೋಡಿಸಲ್ಪಟ್ಟ ನೂರಾರು ಚಿಕ್ಕ ಯಂತ್ರಗಳ ಮೇಲೆ ಹಂಚಿ ಹರಡುವುದು ನಿಮ್ಮ ಉದ್ಯೋಗವೆಂದು ತಿಳಿದ ಮೇಲೆ, ಆ ವಿಷಯದಲ್ಲಿ ನಮ್ಮ ಸೀಮೆಯ ಅನುಭವದಿಂದ ಹೇಳಬಹುದಾದ ಮಾತು ಸ್ವಲ್ಪ ಉಂಟೆಂದು ನನಗೆ ತೋರಿತು. ಯಂತ್ರದ ಒಳಗುಟ್ಟುಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಒಂದು ಲೆಕ್ಕವ್ಯವಸ್ಥೆ ಹೋಗಿ ಇನ್ನೊಂದು ಬರುವಾಗ ಮನುಷ್ಯರಿಗೆ ಏನಾಗುತ್ತದೆಂಬುದನ್ನು ಮಾತ್ರ ನಮ್ಮ ತಾಲ್ಲೂಕುಗಳು ಅನೇಕ ಸಲ ಕಂಡಿವೆ.

ಮೊದಲು ಹಳೆಯ ಯಂತ್ರಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸೋಣ. 1964ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಐಬಿಎಂ ಸಂಸ್ಥೆಯು ಸಿಸ್ಟಂ/360 ಎಂಬ ಗಣಕವರ್ಗವನ್ನು ಪ್ರಕಟಿಸಿದಾಗ ಅದು ಕೊಟ್ಟ ಮುಖ್ಯ ವಚನವು, ಆ ವರ್ಗದ ಚಿಕ್ಕ ಯಂತ್ರಕ್ಕೆಂದು ಬರೆದ ಪ್ರೋಗ್ರಾಮು ಅದೇ ವರ್ಗದ ದೊಡ್ಡ ಯಂತ್ರದಲ್ಲಿಯೂ ತಿದ್ದುಪಡಿಯಿಲ್ಲದೆ ನಡೆಯತಕ್ಕದ್ದೆಂಬುದಾಗಿತ್ತು. ಮತ್ತು ಆ ವಚನವನ್ನು ಅದು ಎಷ್ಟು ನಿಷ್ಠೆಯಿಂದ ಪಾಲಿಸಿತೆಂದರೆ, ಆ ಕಾಲದಲ್ಲಿ ಬರೆದ ಪ್ರೋಗ್ರಾಮುಗಳ ಸಂತತಿಯು ಅದೇ ವಂಶದ ಇಂದಿನ ಯಂತ್ರಗಳಲ್ಲಿ ಇನ್ನೂ ಜೀವಂತವಾಗಿದೆ. 1959ರಲ್ಲಿ ರೂಪುಗೊಂಡು, ಗ್ರೇಸ್ ಹಾಪರ್ ಎಂಬ ವಿದುಷಿಯ ವಿಚಾರಗಳಿಂದ ಪೋಷಿತವಾದ ಕೋಬಾಲ್ ಭಾಷೆಯು, ಗಣಿತಜ್ಞನಲ್ಲದ ವ್ಯವಹಾರಸ್ಥನೂ ಓದಿ ಅರ್ಥಮಾಡಿಕೊಳ್ಳಬೇಕೆಂಬ ಆಶಯದಿಂದ ಹುಟ್ಟಿತು. ಹಗಲೆಲ್ಲ ಬಂದ ವ್ಯವಹಾರಗಳನ್ನು ಕೂಡಿಸಿಟ್ಟು ರಾತ್ರಿ ಒಂದು ಕ್ರಮದಲ್ಲಿ ಜೋಡಿಸಿ, ಬಡ್ಡಿ ಕಟ್ಟಿ, ಶಿಲ್ಕು ತೆಗೆದು, ಬೆಳಗಾಗುವುದರೊಳಗೆ ಖಾತೆಗಳನ್ನೆಲ್ಲ ಸರಿಗೊಳಿಸಿಡುವ ಆ ಪದ್ಧತಿಯಲ್ಲಿ ಒಂದು ಶ್ರೇಷ್ಠ ಗುಣವಿತ್ತು. ತಪ್ಪು ನಡೆದರೆ ಅದು ಎಲ್ಲಿ ನಡೆಯಿತೆಂದು ಹುಡುಕಲು ಹೋಗಬೇಕಾದ ಮನೆ ಒಂದೇ ಆಗಿತ್ತು. ‘ಹಳತು’ ಎಂಬ ಹಣೆಪಟ್ಟಿಯನ್ನು ಅಂಟಿಸಿ ಅದನ್ನು ಹೀಯಾಳಿಸುವ ಜಾಹೀರಾತುಗಳನ್ನು ನೋಡಿದಾಗಲೆಲ್ಲ, ಅವನ್ನು ಬರೆದವರು ಒಂದು ವರ್ಷದ ಲೆಕ್ಕವನ್ನಾದರೂ ತಮ್ಮ ಕೈಯಿಂದ ಮುಗಿಸಿದ್ದಾರೆಯೇ ಎಂದು ನನಗೆ ಸಂಶಯವಾಗುತ್ತದೆ.

ನಮ್ಮ ದೇಶದಲ್ಲಿ ರೈಲ್ವೆಯೂ ಜೀವವಿಮಾ ನಿಗಮವೂ ಅರವತ್ತರ ದಶಕದಲ್ಲಿ ಐಬಿಎಂ 1401 ಯಂತ್ರಗಳನ್ನು ತರಿಸಿಕೊಂಡವು. 1978ರಲ್ಲಿ ಐಬಿಎಂ ಸಂಸ್ಥೆ ದೇಶವನ್ನು ಬಿಟ್ಟುಹೋದ ಮೇಲೆ ಅದರ ಯಂತ್ರಗಳ ಆರೈಕೆಯು ಸರಕಾರದ ಸಿಎಂಸಿ ಸಂಸ್ಥೆಯ ಪಾಲಿಗೆ ಬಂದಿತು. ನಮ್ಮ ಬ್ಯಾಂಕುಗಳಾದರೋ ಬಹುಮಟ್ಟಿಗೆ ಮೇನ್‌ಫ್ರೇಮಿನ ಯುಗವನ್ನು ನೋಡದೆಯೇ, ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ತರುವಾಯ, ಕೈಬರಹದ ಲೆಡ್ಜರಿನಿಂದ ಶಾಖೆಯ ಗಣಕಕ್ಕೂ ಅಲ್ಲಿಂದ ಕೋರ್ ಬ್ಯಾಂಕಿಂಗಿಗೂ ಮೆಟ್ಟಿಲು ಹತ್ತಿದವು. ಆದಕಾರಣ ನಮ್ಮ ಮೂರು ತಾಲ್ಲೂಕುಗಳಲ್ಲಿ ಮೇನ್‌ಫ್ರೇಮನ್ನು ಕಣ್ಣಿಂದ ಕಂಡವರು ಇಲ್ಲವೆಂದೇ ಹೇಳಬಹುದು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಪಾಶ್ಚಾತ್ಯ ಗಣಕಗಳು 2000ನೆಯ ಇಸವಿಯ ಹೊಸ್ತಿಲಲ್ಲಿ ದಿಗಿಲುಗೊಂಡಾಗ, ಅವುಗಳ ಕೋಬಾಲ್ ಸಾಲುಗಳನ್ನು ತಿದ್ದುವ ಕೆಲಸವು ಬೆಂಗಳೂರಿಗೆ ಹರಿದುಬಂದು ಅಲ್ಲಿಯ ಕಂಪನಿಗಳನ್ನು ಬೆಳೆಸಿತು. ನಿಮ್ಮ ಇಂದಿನ ಅನ್ನದ ಮೂಲದಲ್ಲಿ ಆ ಹಳೆಯ ಯಂತ್ರದ ಋಣವೂ ಇದೆಯೆಂದು ನೆನಪಿಸುವುದಕ್ಕಾಗಿ ಇಷ್ಟು ಹೇಳಿದೆನು.

ಈಗ ನಮ್ಮ ಸೀಮೆಗೆ ಬರುತ್ತೇನೆ. ನಿಮ್ಮ ಅಜ್ಜ ಮುತ್ತಜ್ಜಂದಿರು ನಿಜಾಮರ ಹೈದರಾಬಾದ್ ಸಂಸ್ಥಾನದ ಪ್ರಜೆಗಳಾಗಿದ್ದರು. ಅವರ ಕೈಯಲ್ಲಿ ಓಡಾಡುತ್ತಿದ್ದುದು ಹಾಲಿ ಸಿಕ್ಕಾ ಎಂಬ ಸಂಸ್ಥಾನದ ಸ್ವಂತ ನಾಣ್ಯವೇ ಹೊರತು ಕಲ್ದಾರ್ ಎಂದು ಕರೆಯಲ್ಪಡುತ್ತಿದ್ದ ಹೊರಗಿನ ರೂಪಾಯಿಯಲ್ಲ. ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಏಳು ಹಾಲಿಗೆ ಆರು ಕಲ್ದಾರ್ ಎಂಬ ದರದಿಂದ ಸಾಲಸೋಲ, ಕಂದಾಯ, ಸಂಬಳಗಳನ್ನೆಲ್ಲ ಹೊಸ ನಾಣ್ಯಕ್ಕೆ ತಿರುಗಿಸಬೇಕಾಯಿತು. ನೂರು ಹಾಲಿ ರೂಪಾಯಿಯ ಸಾಲವನ್ನು ಈ ದರದಲ್ಲಿ ತಿರುಗಿಸಿದರೆ 85 ರೂಪಾಯಿ 11 ಆಣೆ 5 ಪೈ ಆಗಿ, ಮೇಲೆ ಒಂದು ಪೈಯ ಏಳನೆಯ ಒಂದು ಭಾಗವು ಉಳಿಯುತ್ತದೆ. ಆ ಏಳನೆಯ ಒಂದು ಭಾಗವನ್ನು ಬಿಡತಕ್ಕವರು ಸಾಹುಕಾರರೋ, ಕೊಡತಕ್ಕವರು ರೈತರೋ? ಒಬ್ಬನ ಸಾಲದಲ್ಲಿ ಅದು ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಒಂದು ಅಂಗಡಿಯ ಖಾತೆಕಿರ್ದಿಯಲ್ಲಿ ಸಾವಿರ ಹೆಸರುಗಳಿದ್ದು, ಪ್ರತಿಯೊಂದನ್ನೂ ಬರೆಯುವವನು ತನಗೆ ಅನುಕೂಲವಾದ ದಿಕ್ಕಿನ ಪೂರ್ಣಾಂಕಕ್ಕೆ ತಂದರೆ, ವರ್ಷದ ಕೊನೆಗೆ ಅದು ಒಂದು ಮೊತ್ತವಾಗಿ ಎದ್ದು ನಿಲ್ಲುತ್ತದೆ.

ಅಷ್ಟರಲ್ಲಿಯೇ 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳಾದ ಮೇಲೆ, 1957ರ ಏಪ್ರಿಲ್ 1ರಿಂದ, ಆಣೆ ಹೋಗಿ ನಯಾಪೈಸೆ ಬಂದಿತು. ರೂಪಾಯಿಗೆ ಹದಿನಾರು ಆಣೆಯಿದ್ದುದು ನೂರು ಪೈಸೆಯಾದುದರಿಂದ ಎರಡಾಣೆಗೆ ಹನ್ನೆರಡೂವರೆ ಪೈಸೆ ಬರುತ್ತದೆ. ಅರ್ಧವನ್ನೂ ಅದಕ್ಕಿಂತ ಕಡಿಮೆಯಾದುದನ್ನೂ ಬಿಟ್ಟುಬಿಡತಕ್ಕದ್ದೆಂದು ಸರಕಾರವು ನಿಯಮವನ್ನು ವಿಧಿಸಿದ್ದರಿಂದ ಅದು ಹನ್ನೆರಡೇ ಆಯಿತು. ನಾಲ್ಕಾಣೆಯನ್ನು ಒಂದೇ ಸಲ ಕೊಟ್ಟವನಿಗೆ ಇಪ್ಪತ್ತೈದು ಪೈಸೆ, ಎರಡೆರಡಾಣೆಯಂತೆ ಎರಡು ಸಲ ಕೊಟ್ಟವನಿಗೆ ಇಪ್ಪತ್ತನಾಲ್ಕು! ಇಲ್ಲಿ ನಿಯಮವು ಬರೆದಿಡಲ್ಪಟ್ಟಿತ್ತು, ಕೋಷ್ಟಕವು ಗೋಡೆಯ ಮೇಲಿತ್ತು, ಹೊಣೆಯನ್ನು ಸರಕಾರ ಹೊತ್ತಿತ್ತು. ಆದುದರಿಂದ ಗೊಣಗಿದವರು ಇದ್ದರೂ ಮೋಸಹೋದೆವೆಂದು ಹೇಳುವವರಿಗೆ ಆಧಾರವಿರಲಿಲ್ಲ.

ಇದನ್ನು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಮೇನ್‌ಫ್ರೇಮಿನ ಕೋಬಾಲ್ ಪ್ರೋಗ್ರಾಮು ಹಣವನ್ನು ದಶಮಾಂಶದ ಒಂದೊಂದು ಅಂಕಿಯನ್ನೂ ಪ್ರತ್ಯೇಕವಾಗಿ ಅರ್ಧ ಬೈಟಿನಲ್ಲಿ ಕೂಡಿಸಿಟ್ಟು ಎಣಿಸುತ್ತದೆ. ಹೊಸ ಯಂತ್ರದಲ್ಲಿ ಅಜಾಗರೂಕನಾದವನು ಅದೇ ಹಣವನ್ನು ದ್ವಿಮಾನ ಪದ್ಧತಿಯ ತೇಲುಬಿಂದುವಿನ ಸಂಖ್ಯೆಯಾಗಿ ಬರೆದರೆ, ಹತ್ತು ಪೈಸೆಯೆಂಬ ಸಾಧಾರಣ ಮೊತ್ತವೂ ಅದರಲ್ಲಿ ನಿಖರವಾಗಿ ಹಿಡಿಯಲಾರದು. ಹಳೆಯ ಯಂತ್ರದ ಅಕ್ಷರಸಂಕೇತದಲ್ಲಿ ಅಕ್ಷರಗಳು ಮೊದಲು ಬಂದು ಅಂಕಿಗಳು ಆಮೇಲೆ ಬರುತ್ತವೆ. ಹೊಸದರಲ್ಲಿ ಅಂಕಿಗಳೇ ಮೊದಲು. ‘ಕಡತವನ್ನು ಅಕಾರಾದಿಯಾಗಿ ಜೋಡಿಸು’ ಎಂಬ ಒಂದೇ ಆಜ್ಞೆಗೆ ಎರಡು ಯಂತ್ರಗಳು ಎರಡು ಬಗೆಯಾಗಿ ವಿಧೇಯವಾಗುತ್ತವೆ. ಆ ಕ್ರಮವನ್ನೇ ನಂಬಿ ಮುಂದಿನ ಲೆಕ್ಕ ನಡೆಯುತ್ತಿದ್ದರೆ, ಯಾವ ಸಾಲಿನಲ್ಲಿಯೂ ದೋಷವಿಲ್ಲದ ಪ್ರೋಗ್ರಾಮು ದೋಷದ ಫಲವನ್ನು ಕೊಡುತ್ತದೆ. ಇಂಥ ನಿಯಮಗಳು ಹಳೆಯ ವ್ಯವಸ್ಥೆಯಲ್ಲಿ ಎಲ್ಲಿಯೂ ಬರೆಯಲ್ಪಟ್ಟಿರುವುದಿಲ್ಲ. ಅದರ ನಡತೆಯಲ್ಲಿಯೇ ಬೆರೆತಿರುತ್ತವೆ. ಸ್ಥಳಾಂತರದಲ್ಲಿ ಕಳೆದುಹೋಗುವುದು ಇವೇ.

ನಮ್ಮ ಪಹಣಿಯನ್ನೇ ತೆಗೆದುಕೊಳ್ಳಿ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಬರೆಯಲ್ಪಟ್ಟ ಕಂದಾಯದ ದಾಖಲೆಗಳನ್ನು ವಂಶಪರಂಪರೆಯ ಪಟವಾರಿಗಳು ಕಾಯುತ್ತಿದ್ದರು. 1961ರ ಕಾಯಿದೆಯ ಮೂಲಕ ಗ್ರಾಮಾಧಿಕಾರಗಳು ರದ್ದಾದ ಮೇಲೆ ಆ ಹೊತ್ತಗೆಗಳು ಗ್ರಾಮಲೆಕ್ಕಿಗರ ಕೈಸೇರಿದುವು. ಪಟವಾರಿಯ ಪೆಟ್ಟಿಗೆ ಸರಕಾರಕ್ಕೆ ಬಂದಿತು. ಯಾವ ಹೊಲದ ಬದುವು ಯಾರ ಕಾಲದಲ್ಲಿ ಯಾವ ಜಗಳದಿಂದ ಸರಿಯಿತು, ಯಾವ ಹೆಸರಿನ ಮುಂದೆ ಮಸಿಯ ಚುಕ್ಕೆ ಏಕೆ ಬಿದ್ದಿದೆ ಎಂಬ ಅವನ ಜ್ಞಾಪಕವು ಬರಲಿಲ್ಲ. ಆ ಪಟವಾರಿಯು ತನ್ನ ಜ್ಞಾಪಕವನ್ನು ಎಷ್ಟೋ ಸಲ ಬಡವರಿಗೆ ವಿರೋಧವಾಗಿ ಪ್ರಯೋಗಿಸಿದನೆಂಬುದನ್ನು ನಾನು ಮರೆತಿಲ್ಲ. ಆ ಅಧಿಕಾರ ಹೋದುದು ಒಳ್ಳೆಯದೇ ಆಯಿತು. ಆದರೂ ಜ್ಞಾಪಕವನ್ನು ಮೊದಲು ಬರೆಸಿಕೊಂಡು ಅಧಿಕಾರವನ್ನು ಆಮೇಲೆ ಕಿತ್ತುಕೊಂಡಿದ್ದರೆ ಸಿವಿಲ್ ಕೋರ್ಟುಗಳಿಗೆ ಇಷ್ಟು ಕೆಲಸ ಬೀಳುತ್ತಿರಲಿಲ್ಲವೆಂದು ನನ್ನ ಎಣಿಕೆ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿಯೂ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಾಫ್ಟ್‌ವೇರಿನ ಸಹಾಯದಿಂದಲೂ, ‘ಭೂಮಿ’ ಯೋಜನೆಯು ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ಹಿಡುವಳಿದಾರರ ಹೆಸರುಗಳೊಡನೆ, ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟವನಿಗೆ ಪಹಣಿ ಸಿಕ್ಕಿತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಲಾಯಿತು. ತಿದ್ದುಪಡಿ ಮಾಡುವ ನೌಕರನು ತನ್ನ ಬೆರಳಚ್ಚನ್ನೊತ್ತಿ ಗುರುತು ಕೊಡಬೇಕಾಯಿತು. ಈ ಕೊನೆಯ ಏರ್ಪಾಡನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತೇನೆ, ಏತಕ್ಕೆಂದರೆ ಅದು ವೇಗಕ್ಕಾಗಿ ಮಾಡಿದ್ದಲ್ಲ, ಯಾರು ಬರೆದರೆಂಬ ಪ್ರಶ್ನೆಗೆ ಉತ್ತರವು ಅಳಿಸಿಹೋಗದಿರಲೆಂದು ಮಾಡಿದ್ದು. ಇನ್ನೊಂದು ಸ್ವಾರಸ್ಯವನ್ನೂ ನೀವು ಗಮನಿಸಬೇಕು. ನೀವು ಒಂದು ಮನೆಯಿಂದ ಅನೇಕ ಮನೆಗಳಿಗೆ ಸಾಗಿಸುತ್ತಿದ್ದೀರಿ; ‘ಭೂಮಿ’ಯು ತಾಲ್ಲೂಕಿಗೊಂದು ಸರ್ವರ್ ಎಂದು ಅನೇಕ ಮನೆಗಳಲ್ಲಿ ಆರಂಭವಾಗಿ ಅನಂತರ ರಾಜ್ಯದ ದತ್ತಾಂಶ ಕೇಂದ್ರವೆಂಬ ಒಂದೇ ಮನೆಯನ್ನು ಸೇರಿತು. ಹಂಚುವುದೇ ಪ್ರಗತಿ, ಕೂಡಿಸುವುದೇ ಪ್ರತಿಗತಿ ಎಂಬ ಸಿದ್ಧಾಂತವನ್ನು ಯಾರಾದರೂ ನಿಮಗೆ ಬೋಧಿಸಿದರೆ ಈ ಉದಾಹರಣೆಯನ್ನು ಅವರ ಮುಂದಿಡಿ.

ಪಹಣಿಯಲ್ಲಿ ವಿಸ್ತೀರ್ಣದ ಅಂಕಣವೊಂದುಂಟು. ಅಲ್ಲಿ 3.20 ಎಂದು ಬರೆದಿದ್ದರೆ ಅದರ ಅರ್ಥ ಮೂರು ಎಕರೆ ಇಪ್ಪತ್ತು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದುದರಿಂದ ಅದು ಮೂರೂವರೆ ಎಕರೆ. 1.30 ವಿಸ್ತೀರ್ಣದ ಎರಡು ಹಿಸ್ಸೆಗಳನ್ನು ಕೂಡಿಸಿದರೆ ನಮ್ಮೂರಿನ ಏಳನೆಯ ತರಗತಿ ಓದಿದ ರೈತನೂ 3.20 ಎಂದು ಹೇಳುತ್ತಾನೆ. ದೂರದ ಊರಿನಲ್ಲಿ ಕುಳಿತ ಜಾಣನಾದ ಎಂಜಿನಿಯರನು ಆ ಬಿಂದುವನ್ನು ದಶಮಾಂಶದ ಬಿಂದುವೆಂದು ತಿಳಿದರೆ ಅವನ ಯಂತ್ರವು 2.60 ಎಂದು ಹೇಳುತ್ತದೆ, ಮತ್ತು ಮುಕ್ಕಾಲು ಎಕರೆಗಿಂತ ಹೆಚ್ಚಿನ ಭೂಮಿ ಬೆಳಕು ಹರಿಯುವುದರೊಳಗೆ ಮಾಯವಾಗುತ್ತದೆ. ಗುಂಟೆಯ ಅಂಕಿ ಮೂವತ್ತೊಂಬತ್ತನ್ನು ಮೀರಲಾಗದೆಂಬ ಸಾಧಾರಣ ನಿಯಮವೊಂದನ್ನು ಪರೀಕ್ಷೆಯಲ್ಲಿ ಸೇರಿಸಿದ್ದರೆ ಆ 2.60 ಹೊರಬರುವ ಮೊದಲೇ ಸಿಕ್ಕಿಬೀಳುತ್ತದೆ. ಆದರೆ ಆ ನಿಯಮವನ್ನು ಸೇರಿಸಬೇಕೆಂದು ತೋರುವುದು ಗುಂಟೆಯನ್ನು ಅಳೆದವನಿಗೆ ಅಥವಾ ಅಳೆದವನನ್ನು ಕೇಳಿದವನಿಗೆ ಮಾತ್ರ. ನೀವು ಅಮೆರಿಕದ ವಿಮೆಯನ್ನೋ ಇಂಗ್ಲೆಂಡಿನ ಪಿಂಚಣಿಯನ್ನೋ ಸಾಗಿಸುವಾಗ ಆ ದೇಶದ ಗುಂಟೆ ಯಾವುದು, ಅದನ್ನು ಅಳೆದವನು ಇನ್ನೂ ಬದುಕಿದ್ದಾನೆಯೇ ಎಂದು ವಿಚಾರಿಸಿರುವಿರಾ?

ಮಸ್ಕಿಯವರಿಗೆ ಈ ವಿಷಯದಲ್ಲಿ ಇನ್ನೂ ಹತ್ತಿರದ ಅನುಭವವುಂಟು. 2018ರಲ್ಲಿ, ಮುಖ್ಯವಾಗಿ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಗ್ರಾಮಗಳನ್ನು ತೆಗೆದು ಮಸ್ಕಿಯನ್ನು ಹೊಸ ತಾಲ್ಲೂಕನ್ನಾಗಿ ಮಾಡಿದಾಗ, ಯಾವ ರೈತನ ಹೊಲವೂ ಒಂದಂಗುಲ ಕದಲಲಿಲ್ಲ; ಆದರೆ ದಾಖಲೆಯ ಲೋಕದಲ್ಲಿ ಅವನ ಹೊಲವು ತಾಲ್ಲೂಕನ್ನೇ ಬಿಟ್ಟು ವಲಸೆ ಹೋಗಬೇಕಾಯಿತು. ಪಹಣಿ, ಮ್ಯುಟೇಶನ್, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಬ್ಯಾಂಕಿನ ಬೆಳೆಸಾಲ, ಬೆಳೆವಿಮೆ, ಆಧಾರಿನ ವಿಳಾಸ, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇವು ಒಂದೊಂದೂ ಒಂದೊಂದು ಇಲಾಖೆಯ ಒಂದೊಂದು ಗಣಕದಲ್ಲಿರುತ್ತವೆ. ಇವು ಒಂದೇ ರಾತ್ರಿ ಒಟ್ಟಿಗೆ ಮಗ್ಗುಲು ಬದಲಾಯಿಸಲಾರವು. ನಡುವಿನ ಕಾಲದಲ್ಲಿ ಒಂದೇ ಸರ್ವೆ ನಂಬರು ಒಂದು ಕಚೇರಿಗೆ ಲಿಂಗಸುಗೂರಿನದಾಗಿಯೂ ಇನ್ನೊಂದು ಕಚೇರಿಗೆ ಮಸ್ಕಿಯದಾಗಿಯೂ ಕಾಣುವುದು ಅನಿವಾರ್ಯ. ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಾವಕಾಶದ ಸಾಮರಸ್ಯ (ಇವೆಂಚುವಲ್ ಕನ್ಸಿಸ್ಟೆನ್ಸಿ) ಎಂಬ ಹೆಸರು, ಎಂದರೆ ಕೊನೆಗೊಮ್ಮೆ ಎಲ್ಲವೂ ಸರಿಹೊಂದುತ್ತದೆಂಬ ಭರವಸೆ, ಇದೆಯೆಂದು ಕೇಳಿದ್ದೇನೆ. ಆ ‘ಕೊನೆಗೊಮ್ಮೆ’ ಎಂಬುದು ಮುಂಗಾರಿನ ಸಾಲಕ್ಕೆ ಅರ್ಜಿ ಹಾಕಿದ ರೈತನಿಗೆ ಬಿತ್ತನೆ ಕಳೆದ ಮೇಲೆ ಬಂದರೆ ಏನು ಪ್ರಯೋಜನವೆಂದು ಕೇಳತಕ್ಕವರು ನೀವಲ್ಲದೆ ಬೇರೆ ಯಾರು?

ಇನ್ನು ಹೆಸರುಗಳ ತೊಡಕು. ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ನೀವು ಬಾಲ್ಯದಲ್ಲಿ ನೋಡಿರಬಹುದು. 1915ರಲ್ಲಿ ಚಿನ್ನವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದು ಬಿತ್ತು. ಅದುವರೆಗೆ ದೇಶದ ನಾನಾ ಕಡೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದು, ಅವು ಅಶೋಕನವೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದ್ದರು. ಬಿರುದನ್ನೂ ಹೆಸರನ್ನೂ ಒಂದೇ ಕಲ್ಲಿನ ಮೇಲೆ ಕೂಡಿಸಿ ಆ ಊಹೆಯನ್ನು ದೃಢಪಡಿಸಿದ್ದು ಮಸ್ಕಿ. ಎರಡು ಕಡತಗಳಲ್ಲಿ ಬೇರೆ ಬೇರೆ ಹೆಸರಿನಿಂದ ಇರುವ ವ್ಯಕ್ತಿ ಒಬ್ಬನೇ ಎಂದು ಸ್ಥಾಪಿಸುವುದು ಎಷ್ಟು ಕಷ್ಟವೆಂಬುದಕ್ಕೆ, ಚಕ್ರವರ್ತಿಗೇ ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿದುದು ಸಾಕ್ಷಿ! ನಮ್ಮಲ್ಲಿ ಒಬ್ಬನೇ ರೈತನು ಪಹಣಿಯಲ್ಲಿ ತಂದೆಯ ಹೆಸರಿನೊಡನೆಯೂ, ಬ್ಯಾಂಕಿನಲ್ಲಿ ಮನೆತನದ ಅಡ್ಡಹೆಸರಿನೊಡನೆಯೂ, ಆಧಾರಿನಲ್ಲಿ ಊರಿನ ಹೆಸರಿನೊಡನೆಯೂ ಇರುತ್ತಾನೆ. 2024ರಲ್ಲಿ ಪಹಣಿಗೆ ಆಧಾರನ್ನು ಜೋಡಿಸಲು ಗ್ರಾಮ ಆಡಳಿತ ಅಧಿಕಾರಿಗಳು ಮನೆಮನೆಗೆ ಹೊರಟಾಗ, ತೀರಿಹೋದವರ ಹೆಸರಿನಲ್ಲಿಯೇ ಇನ್ನೂ ನಿಂತಿರುವ ಪಹಣಿಗಳು ರಾಜ್ಯದ ತುಂಬ ಕಂಡುಬಂದವು. ಯಂತ್ರವು ಮೃತರನ್ನು ನಿಷ್ಠೆಯಿಂದ ಕಾಪಾಡಿತ್ತು. ವಾರಸುದಾರರನ್ನು ಗುರುತಿಸುವ ಕೆಲಸವು ಕಟ್ಟೆಯ ಮೇಲೆ ಕುಳಿತ ಊರಿನ ಹಿರಿಯರಿಂದ ಆಗಬೇಕಾಯಿತು.

ಬ್ಯಾಂಕಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1976ರಲ್ಲಿ ಸ್ಥಾಪಿತವಾದ ತುಂಗಭದ್ರಾ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ತೆರೆದ ಸಿಂಧನೂರಿನ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಬ್ಯಾಂಕು 2005ರಲ್ಲಿ ಪ್ರಗತಿಯಾಯಿತು, 2013ರಲ್ಲಿ ಪ್ರಗತಿ ಕೃಷ್ಣವಾಯಿತು, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಡನೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು, 2025ರ ಮೇ ತಿಂಗಳಲ್ಲಿ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಕೊಂಡು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಯಿತು. ಒಂದು ಆಯುಸ್ಸಿನಲ್ಲಿ ನಾಲ್ಕು ವಿಲೀನ! ಪಕ್ಕದ ಬೀದಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಫಲಕವು 2017ರಲ್ಲಿ ಇಳಿಯಿತು, ಸಿಂಡಿಕೇಟ್ ಎಂಬುದು 2020ರಲ್ಲಿ. ಇಷ್ಟೆಲ್ಲ ಆಗಿಯೂ ಅವನ ಉಳಿತಾಯದ ಹಣವು ಅವನಿಗೆ ಸಿಕ್ಕುತ್ತಿದೆಯೆಂದರೆ, ಹೆಸರು ಗೊತ್ತಿಲ್ಲದ ಯಾರೋ ಅನೇಕರು ಅನೇಕ ರಾತ್ರಿ ಎಚ್ಚರವಾಗಿ ಕುಳಿತು, ಹಳೆಯ ಶಿಲ್ಕನ್ನೂ ಹೊಸ ಶಿಲ್ಕನ್ನೂ ತಾಳೆ ನೋಡಿದ್ದಾರೆಂದು ಅರ್ಥ. ನಿಮ್ಮ ವೃತ್ತಿಯ ಮಹಿಮೆ ಇದು. ಚೆನ್ನಾಗಿ ನೆರವೇರಿದಾಗ ಯಾರ ಗಮನಕ್ಕೂ ಬರುವುದಿಲ್ಲ.

ಕೆಟ್ಟಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕನ್ನು ನೋಡಬೇಕು. ಸುಮಾರು 50 ಲಕ್ಷ ಗ್ರಾಹಕರ ಲೆಕ್ಕವನ್ನು, ಹಿಂದಿನ ಒಡೆಯರಾದ ಲಾಯ್ಡ್ಸ್ ಬ್ಯಾಂಕಿನ ವ್ಯವಸ್ಥೆಯಿಂದ ಹೊಸ ಒಡೆಯರಾದ ಸ್ಪೇನಿನ ಸಬಾದೆಲ್ ಬ್ಯಾಂಕಿನ ವ್ಯವಸ್ಥೆಗೆ, 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ಅದು ಸಾಗಿಸಿತು. ದತ್ತಾಂಶವು ಹೋಗಿ ಸೇರಿತು. ಸೇರಿದ ಮೇಲೆ ವ್ಯವಸ್ಥೆಯು ನಿಲ್ಲಲಿಲ್ಲ. ಸುಮಾರು 19 ಲಕ್ಷ ಜನರು ತಮ್ಮ ಖಾತೆಯ ಬಾಗಿಲನ್ನು ತೆರೆಯಲಾರದೆ ಹೋದರು. ಕೆಲವರಿಗೆ ಪರರ ಖಾತೆಗಳು ಕಾಣಿಸಿಕೊಂಡವು. 2022ರಲ್ಲಿ ಅಲ್ಲಿಯ ನಿಯಂತ್ರಕರು ವಿಧಿಸಿದ ದಂಡವು 4 ಕೋಟಿ 86 ಲಕ್ಷ ಪೌಂಡುಗಳನ್ನು ಮೀರಿತು. ಎಲ್ಲವನ್ನೂ ಒಂದೇ ಸಲ ಸಾಗಿಸಹೊರಟುದು, ಸಿದ್ಧವಾಗುವ ಮುನ್ನವೇ ದಿನವನ್ನು ಗೊತ್ತುಮಾಡಿದುದು, ಗುತ್ತಿಗೆಯವರ ಸಿದ್ಧತೆಯನ್ನು ತಾನೇ ಪರೀಕ್ಷಿಸದೆ ಅವರ ಮಾತನ್ನು ನಂಬಿದುದು ಇವೇ ಅಲ್ಲಿಯ ದೋಷಗಳೆಂದು ಅನಂತರದ ವಿಚಾರಣೆಗಳಿಂದ ಹೊರಬಿದ್ದಿತು.

ಒಂದೇ ಮನೆಯಲ್ಲಿದ್ದ ಲೆಕ್ಕವನ್ನು ಅನೇಕ ಮನೆಗಳಿಗೆ ಹಂಚಿದಾಗ ಹುಟ್ಟುವ ಹೊಸ ತೊಡಕು ಬೇರೆಯೇ ಇದೆ. ಬೇರೆ ಬೇರೆ ಯಂತ್ರಗಳಲ್ಲಿ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಿತೆಂದು ಹೇಳುವುದೇ ಸುಲಭವಲ್ಲವೆಂಬುದನ್ನು ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸನು 1978ರಲ್ಲಿಯೇ ವಿವರಿಸಿದನು. ಯಂತ್ರಗಳ ನಡುವಿನ ಸಂಪರ್ಕ ಕಡಿದಾಗ, ಸರಿಯಾದ ಉತ್ತರವನ್ನೇ ಕೊಡುತ್ತೇನೆಂದು ಸುಮ್ಮನಿರುವುದೋ, ಹೇಗಾದರೂ ಉತ್ತರಿಸುತ್ತೇನೆಂದು ತಪ್ಪುವ ಅಪಾಯವನ್ನು ಹೊರುವುದೋ ಎಂಬ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದು 2000ದಲ್ಲಿ ಎರಿಕ್ ಬ್ರೂವರ್ ಊಹಿಸಿದುದನ್ನು ಎರಡು ವರ್ಷಗಳ ಮೇಲೆ ಬೇರೆ ಇಬ್ಬರು ಗಣಿತದಿಂದ ಸಾಧಿಸಿದರು. ಇವು ಗ್ರಂಥದೊಳಗಿನ ಸೂಕ್ಷ್ಮಗಳೆಂದು ಯಾರೂ ತಿಳಿಯಬಾರದು. ಸಿಂಧನೂರಿನ ಬತ್ತದ ವರ್ತಕನೊಬ್ಬನು ಹಮಾಲಿಯ ಕೂಲಿಯನ್ನು ಫೋನಿನಿಂದ ಕಳುಹಿಸುತ್ತಾನೆ. ಇವನ ಖಾತೆಯಿಂದ ಹಣ ಹೋಗುತ್ತದೆ, ಅವನ ಖಾತೆಗೆ ಬರುವುದಿಲ್ಲ. ಹಣವು ಎಲ್ಲಿದೆ? ಇವನ ಬ್ಯಾಂಕು ಕೊಟ್ಟೆನೆನ್ನುತ್ತದೆ, ಅವನ ಬ್ಯಾಂಕು ಕಾಣೆನೆನ್ನುತ್ತದೆ, ನಡುವಿನ ಜಾಲಕ್ಕೆ ಊರಿನಲ್ಲಿ ಹೋಗಿ ಕೇಳುವ ಕಿಟಕಿಯೇ ಇಲ್ಲ.

ಇಲ್ಲಿ ರಿಸರ್ವ್ ಬ್ಯಾಂಕು ಮಾಡಿದ ಕೆಲಸವೊಂದು ನಿಮ್ಮ ಯಾವ ತಂತ್ರಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುತ್ತದೆ. 2019ರ ಸೆಪ್ಟೆಂಬರಿನಲ್ಲಿ ಅದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಟಿಎಂನಲ್ಲಿ ಖಾತೆಗೆ ಖರ್ಚು ಬಿದ್ದು ಹಣ ಬಾರದಿದ್ದರೆ ಐದು ದಿನದೊಳಗಾಗಿಯೂ, ಯುಪಿಐ ಹಣವರ್ಗಾವಣೆಯಲ್ಲಿ ಹಣ ಕಡಿತವಾಗಿ ಪಡೆಯಬೇಕಾದವನಿಗೆ ಸೇರದಿದ್ದರೆ ಮಾರನೆಯ ದಿನದೊಳಗಾಗಿಯೂ, ಗ್ರಾಹಕನು ಕೇಳಲಿ ಬಿಡಲಿ, ಬ್ಯಾಂಕೇ ಸರಿಪಡಿಸತಕ್ಕದ್ದು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡತಕ್ಕದ್ದು. ಯಾವ ಯಂತ್ರ ತಪ್ಪಿತೆಂಬ ತಕರಾರು ಯಂತ್ರಗಳ ಒಡೆಯರ ನಡುವೆ ಉಳಿಯಲಿ, ಹಮಾಲಿಯು ಅದಕ್ಕಾಗಿ ಕಾಯುವುದು ಬೇಡ ಎಂದು ಇದರ ತಾತ್ಪರ್ಯ. ವ್ಯವಸ್ಥೆಯನ್ನು ಹಂಚಬಹುದು, ಹೊಣೆಯನ್ನು ಹಂಚಿ ಕರಗಿಸಕೂಡದು. ನೀವು ನಕ್ಷೆಯಲ್ಲಿ ಬರೆಯುವ ಒಂದೊಂದು ಚೌಕದ ಪಕ್ಕದಲ್ಲಿಯೂ, ಇದು ಅರ್ಧದಲ್ಲಿ ನಿಂತರೆ ಉತ್ತರ ಹೇಳತಕ್ಕವರು ಯಾರೆಂದು ಬರೆಯುವ ಪದ್ಧತಿ ನಿಮ್ಮಲ್ಲಿ ಇದೆಯೇ? ಇಲ್ಲವಾದರೆ ಅದನ್ನು ಆರಂಭಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಒಂದೇ ಕಡೆ ಕೂಡಿಸಿಡುವುದರಲ್ಲಿಯೂ ಅಪಾಯವುಂಟೆಂಬುದನ್ನು ತುಂಗಭದ್ರೆಯ ನೀರುಣ್ಣುವ ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಒಂದು ಗೇಟಿನ ಸುದ್ದಿಯನ್ನು ಕೇಳಿ ಮೂರು ರಾಜ್ಯಗಳ ರೈತರು ನಿದ್ದೆಗೆಟ್ಟರು. ಆದರೆ ಎಡದಂಡೆ ಕಾಲುವೆಯನ್ನು ನೋಡಿ. ಜಲಾಶಯದಲ್ಲಿ ನೀರಿದ್ದು, ತಲೆಗಾಲುವೆಯಲ್ಲಿ ಬಿಟ್ಟ ಪ್ರಮಾಣವೂ ಲೆಕ್ಕದಂತೆ ಇದ್ದು, ವಿತರಣಾ ಕಾಲುವೆಗಳೆಲ್ಲ ನಕ್ಷೆಯಲ್ಲಿದ್ದಂತೆಯೇ ಇದ್ದರೂ, ಕೊನೆಯಂಚಿನ ರೈತನ ಹೊಲಕ್ಕೆ ನೀರು ತಲುಪದಿರುವುದು ನಮ್ಮಲ್ಲಿ ವರ್ಷವರ್ಷದ ಕೂಗು. ತಲೆಯಲ್ಲಿ ಕುಳಿತವರಿಗೆ ವ್ಯವಸ್ಥೆ ಸರಿಯಾಗಿಯೇ ಕಾಣುತ್ತದೆ; ಗೇಜನ್ನು ಓದಬೇಕಾದದ್ದು ಬಾಲದಲ್ಲಿ. ಹಂಚಿದ ಗಣಕವ್ಯವಸ್ಥೆಯ ಆರೋಗ್ಯವನ್ನು ನೀವು ನಿಮ್ಮ ಕಚೇರಿಯ ಪರದೆಯ ಹಸಿರು ದೀಪಗಳಿಂದ ಅಳೆಯದೆ, ಅದರ ಅತ್ಯಂತ ದೂರದ, ಅತ್ಯಂತ ನಿಧಾನವಾದ ಸಂಪರ್ಕದ ಬಳಕೆದಾರನ ಕಡೆಯಿಂದ ಅಳೆಯಬೇಕೆಂದು ನಾನು ಹೇಳುವುದು ಇದರಿಂದ. ಅಂಥ ಬಳಕೆದಾರನ ಜೊತೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದವರು ನೀವು; ಈ ಅನುಕೂಲವು ನಿಮ್ಮ ಮೇಲಧಿಕಾರಿಗಳಲ್ಲಿ ಬಹಳ ಜನಕ್ಕೆ ಇಲ್ಲ.

ಇನ್ನು ನನ್ನ ಕೋರಿಕೆಗಳು. ಹಳೆಯ ವ್ಯವಸ್ಥೆಯನ್ನು ಒಮ್ಮೆಗೇ ಕಿತ್ತೊಗೆಯದೆ ಅದರ ಒಂದೊಂದೇ ಕಾರ್ಯವನ್ನು ಹೊಸದಕ್ಕೆ ವಹಿಸುತ್ತ ಬರುವ ಕ್ರಮವನ್ನು ನಿಮ್ಮವರೇ ಬೋಧಿಸುತ್ತಾರೆ. ಮೇಲಿನವರು ಅವಸರಪಡಿಸಿದಾಗಲೂ ಅದನ್ನು ಬಿಡಬೇಡಿ. ಎರಡು ವ್ಯವಸ್ಥೆಗಳನ್ನೂ ಜೊತೆಜೊತೆಯಾಗಿ ನಡೆಸಿ ಉತ್ತರಗಳನ್ನು ಹೋಲಿಸುವ ಅವಧಿಯಲ್ಲಿ ಒಂದು ಮಾರ್ಚ್ 31 ಬಂದು ಹೋಗಲಿ. ವರ್ಷಾಂತ್ಯದ ಲೆಕ್ಕವನ್ನು ಮುಗಿಸದ ವ್ಯವಸ್ಥೆ ಪರೀಕ್ಷೆಯಲ್ಲಿ ತೇರ್ಗಡೆಯಾದಂತಲ್ಲ. ಎರಡರ ಉತ್ತರಗಳಲ್ಲಿ ಒಂದು ಪೈಸೆಯ ಅಂತರ ಕಂಡರೆ ‘ಪೂರ್ಣಾಂಕಕ್ಕೆ ತಂದುದರ ವ್ಯತ್ಯಾಸ’ ಎಂದು ತಳ್ಳಿಹಾಕದೆ ಅದರ ಬೆನ್ನು ಹತ್ತಿ ಹೋಗಿ. ಮತ್ತು ಹಳೆಯ ಪ್ರೋಗ್ರಾಮಿನಲ್ಲಿ ಅರ್ಥವಾಗದ ಸಾಲೊಂದು ಎದುರಾದರೆ, ಅದನ್ನು ಬರೆದವರು ನಿವೃತ್ತರಾಗಿ ಎಲ್ಲಿಯೋ ಇರಬಹುದು, ಹುಡುಕಿ ಕೇಳಿ. 2020ರ ಏಪ್ರಿಲಿನಲ್ಲಿ, ಮಹಾಮಾರಿಯ ನಡುವೆ ನಿರುದ್ಯೋಗಿಗಳ ಅರ್ಜಿಗಳು ಪ್ರವಾಹದಂತೆ ಬಂದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರು ಕೋಬಾಲ್ ಬಲ್ಲವರು ಯಾರಾದರೂ ನೆರವಿಗೆ ಬನ್ನಿರೆಂದು ಬಹಿರಂಗವಾಗಿ ಬೇಡಬೇಕಾಯಿತು. ಅಷ್ಟು ತಡಮಾಡುವುದು ಯಾರಿಗೂ ಗೌರವವಲ್ಲ.

ಎರಡನೆಯ ಕೋರಿಕೆ ಊರಿನದು. ತಹಸೀಲು ಕಚೇರಿಗಳ ದಾಖಲೆ ಕೋಣೆಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ಕಾರ್ಯ ಈಗ ನಡೆಯುತ್ತಿದೆ; ಅದರಿಂದ ಕಾಗದದ ಮೇಲಿನ ಅಕ್ಷರ ಉಳಿಯುತ್ತದೆ, ಅಂಚಿನಲ್ಲಿ ಹಾಕಿದ ಗುರುತಿನ ಅರ್ಥ ಉಳಿಯುವುದಿಲ್ಲ. ಪಹಣಿಯನ್ನು ಕೈಯಿಂದ ಬರೆದ ಗ್ರಾಮಲೆಕ್ಕಿಗರು, ಲೆಡ್ಜರಿನಲ್ಲಿ ಬಡ್ಡಿ ಕಟ್ಟಿದ ಗುಮಾಸ್ತರು, ಸಹಕಾರಿ ಸಂಘಗಳ ಹಳೆಯ ಕಾರ್ಯದರ್ಶಿಗಳು, ಉರ್ದು ದಾಖಲೆಗಳನ್ನು ಸರಾಗವಾಗಿ ಓದಬಲ್ಲ ಕೆಲವರು ವೃದ್ಧರು ನಮ್ಮ ಮೂರು ತಾಲ್ಲೂಕುಗಳಲ್ಲಿಯೂ ಇನ್ನೂ ಇದ್ದಾರೆ. ಮುಂದಿನ ಸಲ ರಜೆಯ ಮೇಲೆ ಬಂದಾಗ ನಿಮ್ಮಲ್ಲಿ ಇಬ್ಬಿಬ್ಬರು ಕೂಡಿ ಇಂಥವರ ಮನೆಗೆ ಹೋಗಿ, ಯಾವ ಗುರುತಿಗೆ ಯಾವ ಅರ್ಥ, ಯಾವ ಲೆಕ್ಕವನ್ನು ಯಾವ ದಿಕ್ಕಿಗೆ ಪೂರ್ಣಗೊಳಿಸುತ್ತಿದ್ದರು, ಯಾವ ಹೋಬಳಿಯಲ್ಲಿ ಯಾವ ರೂಢಿಯಿತ್ತು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕೆಂದು ಬೇಡುತ್ತೇನೆ. ಬರೆದುದನ್ನು ಮೂರು ಪ್ರತಿ ಮಾಡಿ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಗ್ರಂಥಾಲಯಗಳಲ್ಲಿ ಒಂದೊಂದನ್ನು ಇರಿಸಬಹುದು. ಹಂಚಿಡುವ ವಿದ್ಯೆ ನಿಮಗೆ ತಿಳಿದೇ ಇದೆ. ಉರ್ದು ಬಲ್ಲವರ ಕಡೆಗೆ ಮೊದಲು ಹೋಗಿರಿ. ಅವರಿಗೆ ವಯಸ್ಸು ಬಹಳವಾಗಿದೆ, ಮತ್ತು ಮಧ್ಯಾಹ್ನದ ಮೇಲೆ ಅವರು ಯಾರೊಡನೆಯೂ ಹೆಚ್ಚು ಮಾತಾಡಲಾರರು.

ಇತಿ,
ನಿಮ್ಮ ಸೀಮೆಯ ಹಿತೈಷಿ